ಯಾರೂ ಬಳಸದ ಎಪ್ಪತ್ತೊಂದು

ತರೀಕೆರೆ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ನನ್ನದೊಂದು ಅಂಗಡಿ ಇದೆ. ಯುಪಿಎಸ್, ಇನ್ವರ್ಟರ್, ಇಂಟರ್ನೆಟ್ ಡಬ್ಬಗಳ ರಿಪೇರಿ. ಹೊಟ್ಟೆಪಾಡು ಅದು. ಅದರ ಪಕ್ಕದಲ್ಲೇ ಹನ್ನೆರಡು ವರ್ಷದಿಂದ ಇನ್ನೊಂದು ಕೆಲಸ ಮಾಡಿಕೊಂಡು ಬಂದಿದ್ದೇನೆ. ಅದಕ್ಕೆ ಸಂಬಳವಿಲ್ಲ, ಮಾಡು ಅಂತ ಯಾರೂ ಹೇಳಿಯೂ ಇರಲಿಲ್ಲ.

ಕಂಪ್ಯೂಟರ್ ಯಾವುದೇ ಇರಲಿ, ಅದರೊಳಗೆ ಎಲ್ಲರಿಗಿಂತ ಮೊದಲು ಎದ್ದು ಮಿಕ್ಕವರಿಗೆ ಕೆಲಸ ಹಂಚುವ ಒಂದು ತಂತ್ರಾಂಶ ಇರುತ್ತದೆ. ಕರ್ನಲ್ ಅನ್ನುತ್ತಾರೆ. ನಾನು ಹೇಳುವ ಕರ್ನಲ್ ಲೋಕದವರೆಲ್ಲ ಸೇರಿ ಬರೆಯುವಂಥದ್ದು, ಯಾರು ಬೇಕಾದರೂ ತಗೊಂಡು ಬಳಸಬಹುದು. ಹತ್ತು ಜನ ಕೈ ಹಾಕಿದ ಅಡಿಗೆ ಹೇಗಿರುತ್ತೆ ಗೊತ್ತಲ್ಲ. ವರ್ಷ ವರ್ಷ ಊದುತ್ತ ಹೋಗುತ್ತದೆ. ದೊಡ್ಡ ಕಂಪ್ಯೂಟರಿನವರಿಗೆ ಅದರ ಬಿಸಿ ತಟ್ಟುವುದಿಲ್ಲ, ಹಳೇ ಪುಟ್ಟ ಡಬ್ಬಗಳಲ್ಲಿ ಮಾತ್ರ ಅದು ಹಿಡಿಸುವುದಿಲ್ಲ. ಬೇಡದ್ದನ್ನು ಕಿತ್ತು ಅದನ್ನು ಸಣ್ಣದು ಮಾಡುವ ಪ್ಯಾಚುಗಳ ಒಂದು ಕಟ್ಟು ನನ್ನ ಹತ್ತಿರ ಇದೆ. ಪ್ಯಾಚ್ ಅಂದರೆ ತೇಪೆಯೇ. ‘ಈ ಸಾಲು ತೆಗಿ, ಆ ಜಾಗಕ್ಕೆ ಇದನ್ನ ಹಾಕು’ ಅಂತ ಬರೆದಿಟ್ಟ ಸಣ್ಣ ಕಡತ. ಅಂಥವು ಎಂಬತ್ತಮೂರು. ಎರಡು ಮೂರು ತಿಂಗಳಿಗೊಮ್ಮೆ ಹೊಸ ಕರ್ನಲ್ ಬರುತ್ತದೆ. ಬಂದಾಗಲೆಲ್ಲ ನನ್ನ ತೇಪೆಗಳಲ್ಲಿ ಹತ್ತು ಹದಿನೈದು ಕೂರುವುದಿಲ್ಲ, ಯಾಕೆಂದರೆ ನಾನು ತೇಪೆ ಹಾಕಿದ ಬಟ್ಟೆಯನ್ನೇ ಯಾವನೋ ಪುಣ್ಯಾತ್ಮ ಬಿಚ್ಚಿ ಬೇರೆ ಥರ ಹೊಲಿದಿರುತ್ತಾನೆ. ಒಂದೊಂದನ್ನೂ ಹಿಡಿದು ಮತ್ತೆ ಕೂರಿಸಬೇಕು. ಮರೆವು ಬಂದವರಿಗೆ ದಿನಾ ಬೆಳಿಗ್ಗೆ ಮನೆ ದಾರಿ ತೋರಿಸಿದ ಹಾಗಿನ ಕೆಲಸ.

ನನ್ನ ತೇಪೆ ಬಳಸುವವರು ಎಷ್ಟು ಜನ ಅಂತ ನನಗೂ ಗೊತ್ತಿಲ್ಲ. ಆಗಾಗ ಮೇಲ್ ಬರುತ್ತೆ, ಬಹುಪಾಲು ಬೈಗುಳ. ಒಂದು ಸಲ ಕರ್ನಲ್ಲಿನ ಒಂದು ಮೂಲೆಯನ್ನು ‘ಇದನ್ನ ಯಾರೂ ಬಳಸಲ್ಲ’ ಅಂತ ಷರಾ ಬರೆದು ಕಿತ್ತುಹಾಕಿದ್ದೆ. ನೋಡಿದರೆ ಎಲ್ಲೋ ದೂರದ ದೇಶದ ಒಬ್ಬ ಮುದುಕ ‘ನಾನು ಬಳಸುತ್ತೇನೆ’ ಅಂತ ಒಂದೇ ಸಾಲು ಬರೆದಿದ್ದ. ನಿಮಗೊಬ್ಬರಿಗೋಸ್ಕರ ಎಲ್ಲರೂ ನಾಲ್ಕು ಕಿಲೋಬೈಟ್ ಹೊರಬೇಕಾ ಅಂತ ನಾನು ಜವಾಬು ಕೊಟ್ಟೆ. ಆತ ಮತ್ತೆ ಬರೆಯಲಿಲ್ಲ. ಆಗ ನನಗೆ ಗೆದ್ದೆ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ.

ನನ್ನ ಅಕ್ಕನಿಗೆ ಈ ಕೆಲಸ ಅಂದರೆ ಮೈಯುರಿ. ಅಜ್ಜಂಪುರದಲ್ಲಿ ಅವಳ ಗಂಡನ ಮನೆಯವರದ್ದು ಈರುಳ್ಳಿ ಮಂಡಿ. ಭಾವ ಹೋದ ಮೇಲೆ ಮೈದುನರ ಜೊತೆ ನಿಂತು ವ್ಯಾಪಾರ ನೋಡಿಕೊಂಡವಳು ಅವಳೇ. ಮಂಡಿಯಲ್ಲಿ ನಿಂತು ಅವಳು ಒಂದು ಸಲ ‘ಲೇ’ ಅಂದರೆ ಆಚೆ ಬೀದಿಯಲ್ಲಿ ಚೀಲ ಹೊರುತ್ತಿದ್ದವನು ನಿಂತು ತಿರುಗಿ ನೋಡಬೇಕು, ಅಂಥ ಗಂಟಲು. ‘ಊರಿಗೆ ಉಪಕಾರಿ, ಮನೆಗೆ ಮಾರಿ ಕಣೋ ನೀನು. ಯಾವ್ ದೇಶದೋರ್ದೋ ಡಬ್ಬ ಸಣ್ಣ ಮಾಡ್ತಾ ಕೂತಿದೀಯ, ನಮ್ ಮಂಡಿ ತಕ್ಡಿ ಕೆಟ್ಟು ತಿಂಗ್ಳಾಯ್ತು’ ಅನ್ನುತ್ತಿದ್ದಳು. ಅದೂ ನಿಜವೇ ಆಗಿತ್ತು.

ಆ ಗಂಟಲಿಗೇ ರೋಗ ಬಂತು.

ಅಕ್ಕನಿಗೆ ಒಬ್ಬಳೇ ಮಗಳು. ಕಡೂರಿನ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್, ಅಲ್ಲೇ ಮನೆ ಮಾಡಿಕೊಂಡಿದ್ದಾಳೆ. ಗಂಟಲಿನ ಚೂರು ಪರೀಕ್ಷೆಗೆ ಬೇರೆ ಊರಿಗೆ ಹೋಗಿತ್ತು, ಕ್ಯಾನ್ಸರ್ ಅಂತ ರಿಪೋರ್ಟ್ ಬಂದದ್ದು ಮಗಳ ಕೈಗೆ. ಆಗ ಅಜ್ಜಂಪುರದ ಮನೆಯಲ್ಲಿ ಮೈದುನನ ಮಗನ ಮದುವೆ, ಇನ್ನು ಹದಿನೈದು ದಿನ ಇತ್ತು. ಮಗಳು ನನಗೊಬ್ಬನಿಗೆ ಹೇಳಿದಳು. ಮದುವೆ ಕಳೆಯಲಿ, ಆಮೇಲೆ ಹೇಳೋಣ ಅಂತ ಇಬ್ಬರೂ ತೀರ್ಮಾನ ಮಾಡಿದೆವು. ಹದಿನೈದು ದಿನಕ್ಕೆ ರೋಗದಲ್ಲಿ ಹೆಚ್ಚೂಕಮ್ಮಿ ಏನೂ ಆಗಲ್ಲ ಅಂತ ಡಾಕ್ಟರೂ ಅಂದರು.

ಮದುವೆ ಮುಗಿದ ಮಾರನೇ ದಿನ ಮಗಳು ಹೇಳಿದಳು. ಧ್ವನಿಪೆಟ್ಟಿಗೆ ಪೂರ್ತಿ ತೆಗೆಯಬೇಕು ಅನ್ನುವುದನ್ನೂ ಹೇಳಿದಳು. ಅಕ್ಕ ಕೇಳಿದ್ದು ಒಂದೇ ಮಾತು.

‘ನಿಂಗೆ ಯಾವತ್ತು ಗೊತ್ತಾಯ್ತು?’

ಮಗಳು ಸುಳ್ಳು ಹೇಳಲಿಲ್ಲ.

‘ನನ್ ಗಂಟ್ಲು. ನಂಗ್ ಬಿಟ್ಟು ಎಲ್ರಿಗೂ ಗೊತ್ತು. ಆ ಹದ್ನೈದ್ ದಿನ ನಾನು ಎಲೆ ಬಂತಾ, ನೀರ್ ಬಂತಾ ಅಂತ ಕಿರುಚ್ಕೊಂಡು ಓಡಾಡ್ದೆ. ಗೊತ್ತಿದ್ದಿದ್ರೆ ಬೇರೆ ಏನಾದ್ರೂ ಮಾತಾಡ್ತಿದ್ದೆ.’

ಅಷ್ಟೇ, ಅವತ್ತಿನಿಂದ ಮಗಳ ಜೊತೆ ಮಾತು ಬಿಟ್ಟಳು. ನಾನೂ ಪಾಲುದಾರ ತಾನೇ ಅಂತ ಮುಂದೆ ಹೋಗಿ ನಿಂತರೆ ‘ನೀನು ಮೊದ್ಲಿಂದ್ಲೂ ಪೆದ್ದ, ನಿನ್ ಮೇಲೇನು ಸಿಟ್ಟು. ಅವ್ಳು ಓದ್ದೋಳು’ ಅಂದಳು. ಆಪರೇಷನ್ ಆದ ಮೇಲೆ ಮಗಳು ಆಸ್ಪತ್ರೆಗೆ ಬಂದು ಮಂಚದ ಪಕ್ಕ ಕೂತರೆ ಇವಳು ಗೋಡೆಗೆ ತಿರುಗಿ ಮಲಗಿದಳು. ಮೂರು ದಿನ ನೋಡಿ ಅವಳೂ ಬರುವುದನ್ನು ಬಿಟ್ಟಳು. ನೂಲಿನಂತೆ ಸೀರೆ, ತಾಯಿಯಂತೆ ಮಗಳು. ಎರಡು ವರ್ಷ ಹಾಗೇ ಹೋಯ್ತು.

ಆಪರೇಷನ್ನಿಗೆ ನಾಲ್ಕು ದಿನ ಮುಂಚೆ ಅಕ್ಕ ತರೀಕೆರೆಗೆ ನನ್ನ ಅಂಗಡಿಗೆ ಬಂದಿದ್ದಳು. ಮಧ್ಯಾಹ್ನ ಶಟರ್ ಎಳೆದು, ಬಸ್ಸಿನ ಹಾರ್ನ್ ಸದ್ದನ್ನು ಆದಷ್ಟು ಆಚೆಗಿಟ್ಟು, ಅವಳ ಮಾತುಗಳನ್ನು ರೆಕಾರ್ಡ್ ಮಾಡಿಕೊಂಡೆ. ಯಾವ ಯಾವ ಮಾತು ಬೇಕು ಅಂತ ಅವಳೇ ಪಟ್ಟಿ ಬರೆದು ತಂದಿದ್ದಳು. ಇನ್ನೂರ ಚಿಲ್ಲರೆ ಮಾತು. ಮೊದಲನೇ ಪುಟವೆಲ್ಲ ಬೈಗುಳ. ಆಮೇಲೆ ಬಾ, ಹೋಗು, ಕೂತ್ಕೋ, ಊಟ ಆಯ್ತಾ, ತೂಕ ಸರೀಗಿಡು. ಹೇಗೆ ರೆಕಾರ್ಡ್ ಮಾಡೋದು ಅಂತ ನೋಡಿಕೊಂಡು, ಕೆಂಪು ಗುಂಡಿ ತಾನೇ ಒತ್ತಿಕೊಂಡು ಹೇಳುತ್ತ ಹೋದಳು.

ನನ್ನ ಅಂಗಡಿಯಲ್ಲಿ ಬೇಕಾದಷ್ಟು ಹಳೇ ಇಂಟರ್ನೆಟ್ ಡಬ್ಬಗಳು ಬಿದ್ದಿದ್ದವು. ಅಂಥ ಒಂದನ್ನು ಬಿಚ್ಚಿ, ನನ್ನ ತೇಪೆ ಹಾಕಿದ ಕರ್ನಲ್ ತುಂಬಿ, ಒಂದು ಸ್ಪೀಕರು, ಒಂದು ಬ್ಯಾಟರಿ, ಅಂಕಿಗಳಿರುವ ಒಂದು ಚಿಕ್ಕ ಕೀಲಿಮಣೆ ಸೇರಿಸಿದೆ. ಪ್ರತಿ ಮಾತಿಗೂ ಒಂದು ನಂಬರು. ಹನ್ನೊಂದು ಒತ್ತಿದರೆ ‘ಲೇ’. ಡಬ್ಬದಲ್ಲಿ ಒಟ್ಟು ಜಾಗವೇ ನಾಲ್ಕು ಮೆಗಾಬೈಟ್, ಮೊಬೈಲಿನ ಒಂದು ಫೋಟೋ ಹಿಡಿಯುವಷ್ಟು, ಅದರೊಳಗೆ ಕರ್ನಲ್ಲೂ ಇರಬೇಕು, ಅಕ್ಕನ ಮಾತೂ ಇರಬೇಕು. ಕರ್ನಲ್ ಎರಡು ಕಿಲೋಬೈಟ್ ಇಳಿದರೆ ಅಕ್ಕನಿಗೆ ಒಂದು ಮಾತು ಹೆಚ್ಚು. ನನ್ನ ಹನ್ನೆರಡು ವರ್ಷದ ಕೆಲಸಕ್ಕೆ ಒಂದು ಅರ್ಥ ಬಂದದ್ದು ಆಗಲೇ.

ಮೊಬೈಲಿನಲ್ಲಿ ಮಾಡಬಹುದಿತ್ತಲ್ಲ ಅಂತ ನೀವು ಕೇಳಬಹುದು. ಮಾಡಿ ಕೊಟ್ಟಿದ್ದೆ. ಗಾಜಿನ ಮೇಲೆ ಬೆರಳಾಡಿಸೋದು ನಂಗಾಗಲ್ಲ ಅಂತ ಚೀಟಿ ಬರೆದು ವಾಪಸ್ ಕೊಟ್ಟಳು. ಬರೆದದ್ದನ್ನು ಓದಿ ಹೇಳುವ ತಂತ್ರಾಂಶ ಕೇಳಿಸಿದೆ, ‘ಇದ್ಯಾವಳೋ ಪ್ಯಾಟೆ ಹೆಂಗ್ಸು’ ಅಂತ ಇನ್ನೊಂದು ಚೀಟಿ. ಕೀಲಿಮಣೆ ಮಾತ್ರ ಒಗ್ಗಿತು. ವರ್ಷಗಟ್ಟಲೆ ಕ್ಯಾಲ್ಕುಲೇಟರ್ ಒತ್ತಿದ ಬೆರಳು ಅದು, ನೋಡದೆಯೇ ಒತ್ತುತ್ತಿದ್ದಳು. ಮಂಡಿಯಲ್ಲಿ ಮತ್ತೆ ಅವಳ ‘ಲೇ’ ಕೇಳಿದ ದಿನ ಮೈದುನನ ಹೆಂಡತಿ ಅತ್ತಳಂತೆ, ಹಮಾಲಿಗಳು ಮಾತ್ರ ನಕ್ಕರಂತೆ.

ಆದರೆ ನನ್ನದೊಂದು ಕೆಟ್ಟ ಚಾಳಿ. ಹಳೇ ಕರ್ನಲ್ಲೇ ಆ ಡಬ್ಬಕ್ಕೆ ಸಾಕಾಗಿತ್ತು. ಅಕ್ಕನ ಡಬ್ಬವೇನು ಇಂಟರ್ನೆಟ್ಟಿಗೆ ಹೋಗುತ್ತಾ, ಕಳ್ಳರು ನುಗ್ಗುತ್ತಾರಾ? ಆದರೂ ಹೊಸ ಕರ್ನಲ್ ಬಂದಾಗಲೆಲ್ಲ ತೇಪೆ ಕೂರಿಸಿ ಮೊದಲು ಪರೀಕ್ಷೆ ಮಾಡುತ್ತಿದ್ದದ್ದು ಅದರ ಮೇಲೆಯೇ. ದಿನವೂ ಬಳಕೆಯಲ್ಲಿರುವ ಯಂತ್ರ ಅದೊಂದೇ ನನಗೆ ಸಿಕ್ಕಿದ್ದು. ಬಿಡಿಸಿ ಹೇಳುವುದಾದರೆ, ನನ್ನ ಅಕ್ಕನ ಬಾಯಿಯೇ ನನ್ನ ಪ್ರಯೋಗಶಾಲೆ.

ಹೋದ ಸಲದ ಕರ್ನಲ್ಲಿನಲ್ಲಿ ನನ್ನ ದೊಡ್ಡ ತೇಪೆಯೊಂದು ಹಾರಿಹೋಯ್ತು. ಅದು ಕೂರುತ್ತಿದ್ದ ಭಾಗವನ್ನೇ ಪೂರ್ತಿ ಹೊಸದಾಗಿ ಬರೆದಿದ್ದರು. ನಾಲ್ಕು ದಿನ ಗುದ್ದಾಡಿದರೂ ಕೂರಲಿಲ್ಲ. ಅದಿಲ್ಲದೆ ಕಟ್ಟಿ ನೋಡಿದರೆ ಅಕ್ಕನ ಡಬ್ಬಕ್ಕೆ ಎಂಟು ಕಿಲೋಬೈಟ್ ಜಾಸ್ತಿ. ಎಂಟೇ. ಇನ್ನೊಂದು ವಾರ ಕೂತಿದ್ದರೆ ಸರಿಮಾಡಬಹುದಿತ್ತೇನೋ. ಆದರೆ ಕರ್ನಲ್ ಬಂದ ವಾರದೊಳಗೆ ತೇಪೆಗಳನ್ನು ಹೊರಗೆ ಬಿಡುವುದು ನನ್ನ ಪದ್ಧತಿ, ಹನ್ನೆರಡು ವರ್ಷದಲ್ಲಿ ತಪ್ಪಿದ್ದಿಲ್ಲ. ಯಾರಿಗೂ ಬೇಕಿಲ್ಲದ ಪದ್ಧತಿ, ಜಂಬ ಅಷ್ಟೇ.

ಡಬ್ಬ ಯಾವ ನಂಬರನ್ನು ಎಷ್ಟು ಸಲ ನುಡಿಯಿತು ಅಂತ ಲೆಕ್ಕ ಇಡುವ ಹಾಗೆ ಮೊದಲೇ ಮಾಡಿಟ್ಟಿದ್ದೆ. ಆ ಪಟ್ಟಿ ತೆಗೆದು ಮೇಲಿನಿಂದ ಕೆಳಕ್ಕೆ ಜೋಡಿಸಿದೆ. ತುದಿಯಲ್ಲಿ ‘ಲೇ’, ಸಾವಿರಗಟ್ಟಲೆ. ತಳದಲ್ಲಿ ಒಂದು ಸಲವೂ ನುಡಿಯದ ಮೂರು ನಂಬರು. ಅದರಲ್ಲೊಂದು ಎಪ್ಪತ್ತೊಂದು. ಎರಡು ವರ್ಷದಲ್ಲಿ ಸೊನ್ನೆ. ಅದು ಯಾವ ಮಾತು ಅಂತ ನೋಡಲಿಲ್ಲ. ಈ ಕಸುಬಿನವರು ನೋಡುವುದಿಲ್ಲ. ಬಳಸದೇ ಇರುವುದು ಸತ್ತಂತೆ, ಸತ್ತದ್ದನ್ನು ಕಿತ್ತು ಎಸೆಯುವುದೇ ನಮ್ಮ ಧರ್ಮ. ಮೂರನ್ನೂ ತೆಗೆದೆ. ಇಲ್ಲದ ನಂಬರು ಒತ್ತಿದರೆ ‘ಟೊಂಯ್’ ಅನ್ನುವ ಒಂದು ಸದ್ದಿತ್ತು, ಅಕ್ಕನಿಗೆ ನಂಬರೆಲ್ಲ ಬಾಯಿಪಾಠವಾಗಿದೆ, ಇನ್ಯಾಕೆ ಅಂತ ಅದನ್ನೂ ತೆಗೆದೆ. ಡಬ್ಬಕ್ಕೆ ಸರಿಯಾಗಿ ಹಿಡಿಸಿತು. ಭಾನುವಾರ ಅಜ್ಜಂಪುರಕ್ಕೆ ಹೋಗಿ ತುಂಬಿಸಿದೆ, ಹನ್ನೊಂದು ಒತ್ತಿ ನೋಡಿದೆ, ‘ಲೇ’ ಅಂತು, ಊಟ ಮಾಡಿಕೊಂಡು ಬಂದೆ.

ಬುಧವಾರ ಅಕ್ಕನ ಗುಂಡಿ ಫೋನಿನಿಂದ ಮೆಸೇಜು. ‘ಡಬ್ಬ ಕೆಟ್ಟಿದೆ. ಬಾ.’

ಹೋದೆ. ಅಕ್ಕ ಮಂಡಿಗೆ ಹೋಗಿರಲಿಲ್ಲ, ಪಡಸಾಲೆಯಲ್ಲಿ ಕೂತಿದ್ದಳು. ಕೀಲಿಮಣೆಯ ಒಂದು ಮೂಲೆ ಒಡೆದಿತ್ತು. ಬ್ಯಾಟರಿ ನೋಡಿದೆ, ಸ್ಪೀಕರ್ ನೋಡಿದೆ, ಐದಾರು ಮಾತು ನುಡಿಸಿದೆ. ‘ಏನೂ ಆಗಿಲ್ಲ ಕಣಕ್ಕ, ಸರೀಗೈತೆ’ ಅಂದೆ. ಅವಳು ನನ್ನ ಕೈಯಿಂದ ಕೀಲಿಮಣೆ ತಗೊಂಡು ಏಳು ಒತ್ತಿದಳು, ಒಂದು ಒತ್ತಿದಳು. ಡಬ್ಬ ಸುಮ್ಮನಿತ್ತು. ಮತ್ತೆ ಏಳು, ಒಂದು. ಸುಮ್ಮನೇ ಇತ್ತು.

ಆ ನಂಬರು ನನಗೆ ನೆನಪಿತ್ತು, ಮಾತು ಮಾತ್ರ ನೆನಪಿರಲಿಲ್ಲ. ಫೋನಿನಲ್ಲಿ ಹಳೇ ಪಟ್ಟಿ ತೆಗೆದು ನೋಡಿದೆ. ಎಪ್ಪತ್ತೊಂದರ ಮುಂದೆ ‘ಮಗಾ’ ಅಂತ ಇತ್ತು.

ನಡೆದದ್ದನ್ನು ಅಕ್ಕ ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದಳು. ಸೋಮವಾರ ಬೆಳಿಗ್ಗೆ ಕಡೂರಿನಿಂದ ರೈಲಿನಲ್ಲಿ ಮಗಳು ಬಂದಿದ್ದಳು, ಯಾರೂ ಕರೆಯದೆ, ತಾನಾಗಿಯೇ. ಪಡಸಾಲೆಗೆ ಬಂದು ಕಂಬದ ಹತ್ತಿರ ನಿಂತಳು, ಕೂರಲಿಲ್ಲ. ಅಕ್ಕ ಎಪ್ಪತ್ತೊಂದು ಒತ್ತಿದಳು. ಏನೂ ಬರಲಿಲ್ಲ. ಮತ್ತೆ ಒತ್ತಿದಳು. ಮಗಳು ನೋಡುತ್ತಲೇ ಇದ್ದಳು. ಡಬ್ಬ ಸತ್ತಿದೆಯೇನೋ ಅಂತ ಅಕ್ಕ ಹನ್ನೊಂದು ಒತ್ತಿ ನೋಡಿದಳು. ‘ಲೇ’ ಅಂತ ಮಂಡಿಯ ಗಂಟಲಿನಲ್ಲಿ ಕೂಗಿತು. ಮಗಳ ಮುಖ ಇಷ್ಟು ಸಣ್ಣದಾಯಿತು. ಮತ್ತೆ ಎಪ್ಪತ್ತೊಂದು, ಮತ್ತೆ ಮೌನ. ಅಕ್ಕನ ಸಿಟ್ಟು ನಿಮಗೆ ಗೊತ್ತಿಲ್ಲ. ಕೀಲಿಮಣೆ ಎತ್ತಿ ನೆಲಕ್ಕೆ ಕುಕ್ಕಿದಳು. ಸಿಟ್ಟು ಡಬ್ಬದ ಮೇಲೆ. ಎದುರಿಗೆ ನಿಂತವಳಿಗೆ ಅದು ಹೇಗೆ ಗೊತ್ತಾಗಬೇಕು? ಡಬ್ಬ ಮಾತಾಡುತ್ತೆ, ಅಮ್ಮನಿಗೆ ನನ್ನ ಜೊತೆ ಆಡೋಕೆ ಒಂದು ‘ಲೇ’ ಬಿಟ್ಟು ಮಾತಿಲ್ಲ ಅಂತ ತಿಳಿದಳು. ಅಕ್ಕ ಪೆನ್ನು ಹುಡುಕಿ ತರುವಷ್ಟರಲ್ಲಿ ಅವಳು ಬಾಗಿಲು ದಾಟಿ ಸ್ಟೇಷನ್ ಕಡೆ ಹೋಗಿಯಾಗಿತ್ತು.

‘ಫೋನ್ ಮಾಡಿ ಹೇಳಿಸ್‌ಬಾರ್ದಿತ್ತಾ’ ಅಂದೆ.

‘ಏನಂತ?’ ಅಂತ ಬರೆದಳು. ಅದರ ಕೆಳಗೆ, ‘ಎರಡು ವರ್ಷ ಕಾದಿದ್ದೆ ಅದನ್ನ ಒತ್ತೋಕೆ. ಅವಳೇ ಬರ್ಲಿ ಅಂತ.’

ಎರಡು ವರ್ಷದ ಸೊನ್ನೆ ಅಂದರೆ ಅದು. ನಾನು ತೆಗೆದುಹಾಕಿದ್ದೆ ಅಂತ ಹೇಳಿದೆ. ಬೈಯುತ್ತಾಳೆ ಅಂದುಕೊಂಡೆ, ಬೈಯಲಿ ಅಂತಲೂ ಆಸೆ ಇತ್ತು. ಬೈಗುಳದ ಮೊದಲನೇ ಪುಟ ಪೂರ್ತಿ ಡಬ್ಬದಲ್ಲಿ ಭದ್ರವಾಗಿತ್ತು. ಅವಳು ಒಂದನ್ನೂ ಒತ್ತಲಿಲ್ಲ. ಎದ್ದು ಒಳಗೆ ಹೋದಳು. ಐವತ್ತೆಂಟು ವರ್ಷದಲ್ಲಿ ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ. ಡಬ್ಬ ಎತ್ತಿಕೊಂಡು ತರೀಕೆರೆಗೆ ವಾಪಸ್ ಬಂದೆ.

ನಾನು ಯಾವುದನ್ನೂ ಪೂರ್ತಿ ಬಿಸಾಡುವವನಲ್ಲ, ಮೂಲ ರೆಕಾರ್ಡಿಂಗ್ ಎಲ್ಲ ಅಂಗಡಿಯ ಕಂಪ್ಯೂಟರಿನಲ್ಲಿತ್ತು. ಎಪ್ಪತ್ತೊಂದನ್ನು ಮತ್ತೆ ಹಾಕುವುದು ಹತ್ತು ನಿಮಿಷದ ಕೆಲಸ. ಆದರೆ ಕೇಳಬೇಕಾದವಳೇ ಬರದಿದ್ದರೆ ಹಾಕಿ ಏನು ಮಾಡಲಿ? ಮಾರನೇ ದಿನ ಅಂಗಡಿಗೆ ಬೀಗ ಹಾಕಿ, ಬೀರೂರಿನ ಮೇಲೆ ಹೋಗುವ ಬಸ್ಸು ಹತ್ತಿ ಕಡೂರಿಗೆ ಹೋದೆ.

ಮಗಳು ಲ್ಯಾಬಿನ ಹಿಂದಿನ ರೂಮಿನಲ್ಲಿ ಊಟಕ್ಕೆ ಕೂತಿದ್ದಳು. ‘ಅಮ್ಮ ಕಳ್ಸಿದ್ಳಾ ಮಾವ?’ ಅಂದಳು.

‘ಇಲ್ಲ. ನಾನೇ ಬಂದೆ. ತಪ್ಪೊಪ್ಕೊಳಕ್ಕೆ.’

ಕರ್ನಲ್ಲು, ಎಂಟು ಕಿಲೋಬೈಟು, ಸೊನ್ನೆ ಪಟ್ಟಿ, ಎಲ್ಲ ಹೇಳಿದೆ. ಅವಳು ಮುದ್ದೆ ಮುರಿಯುತ್ತ ಕೇಳಿದಳು. ನಂಬಿದ ಹಾಗೆ ಕಾಣಲಿಲ್ಲ. ‘ಅವ್ಳ ಪರವಾಗಿ ಸುಳ್ಳು ಹೇಳ್ಬೇಡ ಮಾವ. ಒತ್ತಿದ್ದು ಯಾವ್ದೋ, ಬಂದಿದ್ದು ಲೇ ಅಂತ. ನಾನೇ ಕಿವಿಯಾರೆ ಕೇಳಿದೀನಿ’ ಅಂದಳು.

ಆಗ ಫೋನ್ ತೆಗೆದು ಅವಳ ಮುಂದಿಟ್ಟೆ. ಬೆಳಿಗ್ಗೆ ಹೊರಡುವ ಮುಂಚೆ ಅಂಗಡಿಯಲ್ಲಿ ಹುಡುಕಿದಾಗ ಎಪ್ಪತ್ತೊಂದರದ್ದು ಒಂದಲ್ಲ, ಒಂಬತ್ತು ಕಡತ ಸಿಕ್ಕಿದ್ದವು. ಅಂದು ಮಧ್ಯಾಹ್ನ ಅಕ್ಕ ನನ್ನನ್ನು ಕಾಫಿ ತಾ ಅಂತ ಹೊರಗೆ ಅಟ್ಟಿದ್ದಳು, ಆ ಹೊತ್ತಿನಲ್ಲಿ ಒಬ್ಬಳೇ ಕೂತು ಹೇಳಿದಂಥವು. ಡಬ್ಬಕ್ಕೆ ತುಂಬುವಾಗ ಅವನ್ನು ನಾನು ಕೇಳಿಯೇ ಇರಲಿಲ್ಲ. ಗಾತ್ರದಲ್ಲಿ ಎಲ್ಲಕ್ಕಿಂತ ಚಿಕ್ಕದು ಯಾವುದು ಅಂತ ನೋಡಿ ಅದನ್ನು ತಗೊಂಡಿದ್ದೆ. ಒಂಬತ್ತನ್ನೂ ನಾನು ಕೇಳಿದ್ದು ಆ ಬೆಳಿಗ್ಗೆಯೇ.

ಮೊದಲನೆಯದು ಮಂಡಿಯ ಕೂಗು, ‘ಮಗಾ’. ಎರಡನೆಯದರಲ್ಲಿ ಅರ್ಧಕ್ಕೆ ಕೆಮ್ಮು. ಮೂರನೆಯದು ತೀರಾ ಮೆತ್ತಗೆ, ಅದಾದ ಮೇಲೆ ‘ಥೂ, ಇದ್ಯಾಕೋ ನಾನಲ್ಲ’ ಅಂತ ಗೊಣಗಿದ್ದು. ಆಮೇಲೆ ಮತ್ತೆ ಜೋರು, ಮತ್ತೆ ಮೆತ್ತಗೆ. ಏಳನೆಯದರಲ್ಲಿ ‘ಮ’ ಅಂದು ನಿಲ್ಲಿಸಿ ಮೂಗು ಒರೆಸಿಕೊಂಡದ್ದು ಕೇಳುತ್ತದೆ. ಒಂಬತ್ತನೆಯದು ಎಲ್ಲಕ್ಕಿಂತ ಉದ್ದ. ಅದರಲ್ಲಿ ಕೂಗೂ ಇಲ್ಲ, ಮೆತ್ತಗೆ ಮಾಡಿದ್ದೂ ಇಲ್ಲ. ಮನೆಯೊಳಗೆ ಕೂತು ಕರೆಯುವ ದನಿ.

‘ಮಗಾ, ಬಾರೇ ಇಲ್ಲಿ. ಏನಿಲ್ಲ, ಸುಮ್ನೆ ಕರ್ದೆ.’

ಮಗಳು ಎಡಗೈಯಲ್ಲಿ ಫೋನ್ ಹತ್ತಿರಕ್ಕೆ ಎಳೆದುಕೊಂಡು ಅದೊಂದನ್ನೇ ಮತ್ತೆ ಕೇಳಿದಳು.

‘ಇದ್ಯಾವತ್ತು ಮಾಡಿದ್ದು?’

‘ಆಪರೇಷನ್ನಿಗೆ ನಾಕ್ ದಿನ ಮುಂಚೆ.’

‘ಆಗ ನನ್ ಜೊತೆ ಮಾತು ಬಿಟ್ಟಿದ್ಲು.’

‘ಹೂಂ.’

ಅವಳು ಅತ್ತಳು. ನಾನು ಅವಳ ತಟ್ಟೆಯ ಕಡೆ ನೋಡುತ್ತ ಕೂತಿದ್ದೆ. ಅತ್ತು ಮುಗಿದ ಮೇಲೆ ಕೈ ತೊಳೆದುಕೊಂಡು ಬಂದು ‘ಡಬ್ಬಕ್ಕೆ ಇದನ್ನೇ ಹಾಕು ಮಾವ, ಆ ಚಿಕ್ಕದು ಬೇಡ’ ಅಂದಳು.

ಉದ್ದದ್ದಕ್ಕೆ ಹೊಸ ಕರ್ನಲ್ಲಿನ ಜೊತೆ ಜಾಗವಿರಲಿಲ್ಲ. ಹಳೆಯದನ್ನೇ ತಂದು ಕೂರಿಸಿದೆ, ತೆಗೆದ ಮಾತುಗಳನ್ನೆಲ್ಲ ವಾಪಸ್ ಇಟ್ಟೆ. ತೇಪೆ ಬಳಸುವವರ ಬಳಗಕ್ಕೆ ಮೇಲ್ ಬರೆದೆ, ಈ ಸಲದ ಕರ್ನಲ್ಲಿಗೆ ನನ್ನ ತೇಪೆಗಳು ಇಲ್ಲ, ಮುಂದಿನದಕ್ಕೂ ಗೊತ್ತಿಲ್ಲ ಅಂತ. ಒಬ್ಬರೂ ಯಾಕೆ ಅಂತ ಕೇಳಲಿಲ್ಲ.

ಭಾನುವಾರ ಮಗಳೂ ನಾನೂ ಅಜ್ಜಂಪುರಕ್ಕೆ ಹೋದೆವು. ಮಳೆ ಬಿದ್ದು ಸ್ಟೇಷನ್ ರಸ್ತೆಯೆಲ್ಲ ಕೆಸರಾಗಿತ್ತು. ಅವಳು ಪಡಸಾಲೆಗೆ ಕಾಲಿಡದೆ ಪಕ್ಕದ ಓಣಿಯಿಂದಲೇ ಕಾಲು ತೊಳೆಯೋಕೆ ಹಿತ್ತಲಿಗೆ ಹೋದಳು. ನಾನು ಒಳಗೆ ಹೋಗಿ ಡಬ್ಬವನ್ನು ಅಕ್ಕನ ಮುಂದಿಟ್ಟೆ. ಮಗಳು ಬಂದಿದ್ದಾಳೆ, ಹಿತ್ತಲಲ್ಲಿ ಇದ್ದಾಳೆ ಅಂದೆ. ಅಕ್ಕ ಸೆರಗು ಸರಿಮಾಡಿಕೊಂಡಳು. ಆ ಕೀಲಿಮಣೆ ನೋಡದೆ ಒತ್ತುವವಳು ಇವತ್ತು ನೋಡಿಕೊಂಡು, ಒಂದೊಂದೇ ಅಂಕಿಯನ್ನು ಒತ್ತಿದಳು.

‘ಮಗಾ, ಬಾರೇ ಇಲ್ಲಿ. ಏನಿಲ್ಲ, ಸುಮ್ನೆ ಕರ್ದೆ.’

ತಾನು ಹೀಗೆ ಹೇಳಿದ್ದೆ ಅನ್ನುವುದು ಅವಳಿಗೆ ಮರೆತುಹೋಗಿತ್ತು ಅಂತ ಕಾಣುತ್ತೆ, ನನ್ನ ಮುಖ ನೋಡಿದಳು. ಅಷ್ಟರಲ್ಲಿ ಹಿತ್ತಲಿನಿಂದ ಚೆಂಬಿನ ನೀರಿನ ಸದ್ದಿನ ಜೊತೆ ಮಗಳ ದನಿ ಬಂತು.

‘ಬಂದೆ ಇರಮ್ಮ, ಕಾಲ್ ತೊಳ್ಕೊಂಡು ಬತ್ತೀನಿ.’

ಅಕ್ಕ ಕಾಯಲಿಲ್ಲ. ಮಗಳು ಬರುತ್ತಿರುವುದು ಕಾಣಿಸುತ್ತಿದ್ದರೂ ಇನ್ನೊಂದು ಸಲ ಒತ್ತಿದಳು.